ಇಡಿಟಿ, ಇಡಿಪಿ, ಪಾರ್ಫಮ್... ಸ್ಟ್ರಾಂಗ್ ಇರೋದನ್ನೇ ತಂದೆ, ಹನ್ನೊಂದು ಗಂಟೆಗೆ ಮಾಯ. ಎಲ್ಲಿ ಎಡವಟ್ಟಾಯ್ತು?

ಹೊಸ_ಮೂಗು

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಡಿಯೋ ಹೊಡ್ಕೊಂಡು ಓಡಾಡ್ತಿದ್ದವನು ನಾನು, ಪರ್ಫ್ಯೂಮ್ ಅಂತ ತಗೊಂಡಿದ್ದು ಇದೇ ಮೊದಲು. ಒಂದೇ ಹೆಸರಲ್ಲಿ ಎರಡು ಸೀಸೆ ಇತ್ತು, ಒಂದ್ರ ಮೇಲೆ ಓ ದ ಟಾಯ್ಲೆಟ್ (ಇಡಿಟಿ), ಇನ್ನೊಂದ್ರ ಮೇಲೆ ಓ ದ ಪಾರ್ಫಮ್ (ಇಡಿಪಿ). ಟಾಯ್ಲೆಟ್ ಅಂತ ಬರ್ದಿರೋದನ್ನ ಯಾರಾದ್ರೂ ಮೈಗೆ ಹಾಕ್ಕೋತಾರಾ ಅಂತ ನಗು ಬಂತು, ಎರಡನೇದಕ್ಕೆ ರೇಟೂ ಜಾಸ್ತಿ ಇತ್ತು, ಮಾರೋರು ಬೇರೆ "ಇದು ಸ್ಟ್ರಾಂಗು, ಹನ್ನೆರಡು ಗಂಟೆ ಅಲ್ಲಾಡಲ್ಲ" ಅಂದ್ರು, ಸರಿ ಅಂತ ಅದನ್ನೇ ತಂದೆ.

ಈಗ ನೋಡಿದ್ರೆ ಬೆಳಗ್ಗೆ ಎಂಟಕ್ಕೆ ಹಾಕಿದ್ದು ಹನ್ನೊಂದು ಗಂಟೆಗೆಲ್ಲ ನಂಗೆ ಒಂಚೂರೂ ಗೊತ್ತಾಗಲ್ಲ. ರೂಮ್‌ಮೇಟ್ ಹತ್ರ ಅದ್ರದ್ದೇ ಇಡಿಟಿ ಇದೆ, ಅವನು ಬಾಗಿಲು ದಾಟಿ ಹೋದ್ಮೇಲೂ ಐದು ನಿಮಿಷ ಘಮ ಅಲ್ಲೇ ನಿಂತಿರತ್ತೆ. ಲೈಟ್ ಇರೋದು ಜಾಸ್ತಿ ಹೊಡೆಯೋದು ಅಂದ್ರೆ ಏನ್ ಲೆಕ್ಕ ಇದು? ಅದೂ ಅಲ್ದೆ ಎರಡರ ಸ್ಮೆಲ್ಲೂ ಒಂದೇ ತರ ಇಲ್ಲ, ಅಣ್ಣ ತಮ್ಮ ಅನ್ಬೋದು ಅಷ್ಟೇ.

ಡಬ್ಬ ತಿರುಗಿಸಿ ಓದಿದೆ. 80% ವಾಲ್ಯೂಮ್ ಅಂತ ಇದೆ, ಕೆಳಗೆ ಇಂಗ್ರೀಡಿಯಂಟ್ಸ್‌ನಲ್ಲಿ "ಪಾರ್ಫಮ್" ಅಂತ ಇದೆ, ಅಂದ್ರೆ 80% ಸೆಂಟು ತಾನೇ? ಆದ್ರೆ ರೂಮ್‌ಮೇಟ್‌ದು ಇಡಿಟಿ ಆಗಿದ್ರೂ ಅದ್ರ ಮೇಲೂ "ಪಾರ್ಫಮ್" ಅಂತಾನೇ ಇದೆ!! ನಂಗೆ ಡೂಪ್ಲಿಕೇಟ್ ತಗಲಾಕಿದ್ರಾ ಅಂತ ಡೌಟು. ತಿಳಿದವರು ಹೇಳಿ, ಬೈದ್ರೂ ಪರವಾಗಿಲ್ಲ.

ಸೀಸೆ_ಪೆಟ್ಟಿಗೆ

ಬೈಯೋದೇನೂ ಇಲ್ಲ ಗುರು, ಈ 80% ನೋಡಿ ಖುಷಿಪಟ್ಟವರ ಲಿಸ್ಟಲ್ಲಿ ನಾನೂ ಇದೀನಿ. ಅದು ಆಲ್ಕೋಹಾಲ್ ಎಷ್ಟಿದೆ ಅಂತ ಹೇಳೋದು, ಸೆಂಟಲ್ಲ. ಬಹಳಷ್ಟು ಸ್ಪ್ರೇ ಪರ್ಫ್ಯೂಮ್ ಸೀಸೆಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಎಥನಾಲ್ಲೇ (ಅದೇ ಆಲ್ಕೋಹಾಲ್) ಇರತ್ತೆ, ಅದಕ್ಕೇ ಬೆಂಕಿ ಹತ್ರ ಇಡಬೇಡಿ ಅಂತ ಚಿತ್ರ ಹಾಕಿರ್ತಾರೆ. ಹಾಗಂತ ನೂರರಲ್ಲಿ ಎಂಬತ್ತು ಕಳೆದು 20% ಸೆಂಟು ಅಂತ ಲೆಕ್ಕ ಹಾಕಕ್ಕೆ ಹೋಗ್ಬೇಡ, ನೀರೂ ಇರತ್ತೆ.

ಇನ್ನು ಇಂಗ್ರೀಡಿಯಂಟ್ಸ್‌ನಲ್ಲಿ "ಪಾರ್ಫಮ್" ಅಂದ್ರೆ ಬರೀ "ಸುಗಂಧದ ಮಿಶ್ರಣ" ಅಂತ ಅರ್ಥ. ನಿನ್ನ ಶಾಂಪೂ ಡಬ್ಬ, ಬಟ್ಟೆ ಒಗೆಯೋ ಲಿಕ್ವಿಡ್ ತಿರುಗಿಸಿ ನೋಡು, ಅಲ್ಲೂ ಪಾರ್ಫಮ್ ಅಂತಾನೇ ಇರತ್ತೆ. ಮುಂದೆ ದೊಡ್ಡ ಅಕ್ಷರದಲ್ಲಿ ಪಾರ್ಫಮ್ ಅಂತ ಇದ್ರೆ ಅದು ಸ್ಟ್ರೆಂತ್ ಹೆಸರು, ಹಿಂದೆ ಸಣ್ಣಕ್ಷರದಲ್ಲಿ ಇದ್ರೆ ಅದು ಒಂದು ಸಾಮಗ್ರಿ ಹೆಸರು. ಎರಡಕ್ಕೂ ಸಂಬಂಧ ಇಲ್ಲ.

ಒಂದು ಸಣ್ಣ ಟ್ರಿಕ್ ಇದೆ. ಆ ಲಿಸ್ಟನ್ನ ತೂಕದಲ್ಲಿ ಜಾಸ್ತಿ ಇರೋದು ಮೊದಲು ಬರೋ ಹಾಗೆ ಬರೀತಾರೆ. ಆಲ್ಕೋಹಾಲ್ ಆದ್ಮೇಲೆ "ಅಕ್ವಾ" ಬಂದು ಆಮೇಲೆ "ಪಾರ್ಫಮ್" ಬಂದ್ರೆ ಸೆಂಟಿಗಿಂತ ನೀರೇ ಜಾಸ್ತಿ ಅಂತಾಯ್ತು. ಪಾರ್ಫಮ್ ಮೊದಲು ಬಂದು ಅಕ್ವಾ ಆಮೇಲೆ ಬಂದ್ರೆ ಉಲ್ಟಾ. ಎರಡೂ ಡಬ್ಬ ಪಕ್ಕಪಕ್ಕ ಇಟ್ಟು ನೋಡು.

ಹೊಸ_ಮೂಗು

ಅಯ್ಯೋ ಮಾನ ಹೋಯ್ತು. ನೋಡಿದೆ, ನಂದ್ರಲ್ಲಿ ಪಾರ್ಫಮ್ ಎರಡನೇದು, ಅವನದ್ರಲ್ಲಿ ಅಕ್ವಾ ಎರಡನೇದು. ಅಂದ್ರೆ ನಂದ್ರಲ್ಲೇ ಸೆಂಟು ಜಾಸ್ತಿ. ಡೂಪ್ಲಿಕೇಟ್ ಅಲ್ಲ ಅಂತ ಸ್ವಲ್ಪ ಸಮಾಧಾನ ಆಯ್ತು, ಆದ್ರೆ ತಲೆನೋವು ಡಬಲ್ ಆಯ್ತು. ಜಾಸ್ತಿ ಇರೋದು ಯಾಕೆ ಕಮ್ಮಿ ಹೊಡಿಯತ್ತೆ?

ತಾರಸಿ_ಮಲ್ಲಿಗೆ

ಮಾರಾಯ್ರೆ, ಮೊದಲು ಹೆಸರುಗಳ ಅಂದಾಜು ಒಂದ್ಸಲ ಹೇಳಿಬಿಡ್ತೇನೆ, ಇಲ್ಲಾಂದ್ರೆ ಮುಂದೆ ಬರುವವರಿಗೆಲ್ಲ ಗೊಂದಲ. ಕೊಲೋನ್ ಅಂದ್ರೆ ಸುಗಂಧದೆಣ್ಣೆ 2ರಿಂದ 5%, ಇಡಿಟಿ 5ರಿಂದ 15ರ ಒಳಗೆ, ಇಡಿಪಿ 15–20ರ ಆಸುಪಾಸು, ಪಾರ್ಫಮ್ ಅಥವಾ ಎಕ್ಸ್‌ಟ್ರೇ ಅಂದ್ರೆ 20ರಿಂದ 30, ಕೆಲವರು 40ರವರೆಗೂ ಹೋಗ್ತಾರೆ. ಬಾಡಿ ಮಿಸ್ಟ್ ಎಲ್ಲ ಒಂದೋ ಎರಡೋ ಪರ್ಸೆಂಟು, ಮೂರು ಅಂದ್ರೆ ಹೆಚ್ಚು. ಆದ್ರೆ ಇದು ಕಾನೂನಲ್ಲ, ರೂಢಿ ಅಷ್ಟೇ. ಒಂದು ಕಂಪನಿಯ ಇಡಿಟಿ ಇನ್ನೊಂದರ ಇಡಿಪಿಗಿಂತ ಗಟ್ಟಿ ಇದ್ರೂ ಯಾರೂ ಕೇಳುವುದಿಲ್ಲ. ಹಾಗಾಗಿ ಬೇರೆ ಬೇರೆ ಕಂಪನಿಯ ಸೀಸೆಗಳನ್ನ ಈ ಹೆಸರಲ್ಲಿ ಹೋಲಿಸಿದ್ರೆ ಪ್ರಯೋಜನ ಇಲ್ಲ.

ಮತ್ತೆ ಟಾಯ್ಲೆಟ್ ಅಂದ್ರೆ ಆ ಟಾಯ್ಲೆಟ್ ಅಲ್ಲ, ಫ್ರೆಂಚಲ್ಲಿ ತೊಳೆದು ಬಾಚಿ ಅಲಂಕಾರ ಮಾಡ್ಕೊಳ್ಳುವುದಕ್ಕೆ ಆ ಶಬ್ದ, ಮೂಲದಲ್ಲಿ ಒಂದು ಚಿಕ್ಕ ಬಟ್ಟೆಯ ಹೆಸರು. ಓದುವುದು "ತ್ವಾಲೆತ್" ಅಂತ. ನಾನೂ ಮೊದಲು ನಕ್ಕವಳೇ.

ಘಾಟು_ಗಿರಾಕಿ

ಇಷ್ಟೆಲ್ಲ ಪುರಾಣ ಯಾಕೆ, ಸೀದಾ ಎಕ್ಸ್‌ಟ್ರೇ ತಗೋ ಬ್ರೋ, ಜಾಸ್ತಿ ಪರ್ಸೆಂಟ್ ಜಾಸ್ತಿ ಪವರ್, ಮುಗೀತು ಕಥೆ. ಇಡಿಟಿ ಎಲ್ಲ ನೀರು.

ಲ್ಯಾಬ್_ಕೋಟು

@ಘಾಟು_ಗಿರಾಕಿ ಇದೇ ಮಾತನ್ನ ನಂಬ್ಕೊಂಡೇ ಅರ್ಧ ಜನ ದುಡ್ಡು ಕಳ್ಕೊಳ್ಳೋದು. ನಾನು ಕೆಲ ವರ್ಷ ಮಿಕ್ಸಿಂಗ್ ಕಡೆ ಕೆಲಸ ಮಾಡಿದೀನಿ, ಸ್ವಲ್ಪ ಉದ್ದ ಬರೀತೀನಿ, ಓದೋ ತಾಳ್ಮೆ ಇದ್ರೆ ಓದಿ.

ಪರ್ಸೆಂಟ್ ಹೇಳೋದು ಎಣ್ಣೆ ಎಷ್ಟಿದೆ ಅಂತ. ಯಾವ ಎಣ್ಣೆ ಅಂತ ಹೇಳಲ್ಲ. ಬಾಳಿಕೆ ನಿಂತಿರೋದು ಎರಡನೇದ್ರ ಮೇಲೆ. ನಿಂಬೆ, ಕಿತ್ತಳೆ ತರದ ಘಮ ಕೊಡೋ ಲಿಮೋನೀನ್ ಅನ್ನೋದು ಚರ್ಮದ ಬಿಸಿಗೇ ಹಾರಿ ಹೋಗತ್ತೆ, ಅರ್ಧ ಗಂಟೆ ನಿಂತ್ರೆ ಪುಣ್ಯ. ವೆನಿಲಿನ್, ಮಸ್ಕ್‌ಗಳು (ಕಸ್ತೂರಿ ತರದ ಘಮದವು), ಆಂಬ್ರಾಕ್ಸನ್ (ಆಂಬರ್ ತರದ ಘಮದ್ದು), ಶ್ರೀಗಂಧದ ಸಾಮಗ್ರಿ ಇವೆಲ್ಲ ಭಾರದವು, ನಿಧಾನಕ್ಕೆ ಏಳ್ತವೆ, ಬಟ್ಟೆ ಮೇಲೆ ಮಾರನೇ ದಿನಾನೂ ಇರ್ತವೆ. ಈಗ ನೀನು 30% ಬರೀ ನಿಂಬೆ ಜಾತಿ ಎಣ್ಣೆ ತುಂಬಿ ಎಕ್ಸ್‌ಟ್ರೇ ಅಂತ ಮಾರಿದ್ರೂ ಅದು 8% ಮಸ್ಕ್ ಇರೋ ಇಡಿಟಿ ಮುಂದೆ ಬಾಳಿಕೆಯಲ್ಲಿ ಸೋಲತ್ತೆ.

ಇನ್ನು ಆಲ್ಕೋಹಾಲ್ ಬರೀ ನೀರು ತುಂಬ್ಸಿದ ಹಾಗೆ ಅಂತ ಅನ್ಕೋಬೇಡಿ. ಅದು 78 ಡಿಗ್ರಿಗೇ ಕುದಿಯೋ ವಸ್ತು, ಚರ್ಮಕ್ಕೆ ಬಿದ್ದ ತಕ್ಷಣ ಹಾರತ್ತೆ, ಹಾರೋವಾಗ ಸುಗಂಧದ ಒಂದಿಷ್ಟು ಭಾಗಾನ ಜೊತೆಗೆ ಗಾಳಿಗೆ ಎತ್ಕೊಂಡು ಹೋಗತ್ತೆ. ಮೊದಲ ಹತ್ತು ನಿಮಿಷದ ಆ "ಧಗ್" ಅನ್ನೋ ಘಮಕ್ಕೆ ಅದೂ ಒಂದು ಕಾರಣ. ಎಣ್ಣೆ ಜಾಸ್ತಿ ಆದಷ್ಟೂ ಆ ಎತ್ತೋ ಕೆಲಸ ಮಂದ ಆಗತ್ತೆ, ಘಮ ಚರ್ಮಕ್ಕೆ ಅಂಟಿಕೊಂಡು ಕೂರತ್ತೆ. ಎಕ್ಸ್‌ಟ್ರೇ ಹಾಕಿದವರ ಹತ್ರ ಹೋದ್ರೆ ಮಾತ್ರ ಗೊತ್ತಾಗೋದು ಅದಕ್ಕೆ. ಆಲ್ಕೋಹಾಲ್ಲೇ ಇಲ್ದಿರೋ ಅತ್ತರು ಇನ್ನೂ ಹಾಗೆ, ದಿನವಿಡೀ ಇರತ್ತೆ, ಆದ್ರೆ ಒಂದು ತೋಳು ದೂರ ದಾಟೋದು ಕಷ್ಟ.

ಹಾಗಾಗಿ "ಸ್ಟ್ರಾಂಗ್" ಅನ್ನೋ ಒಂದೇ ಪದದಲ್ಲಿ ಮೂರು ಬೇರೆ ಬೇರೆ ವಿಷಯ ತುಂಬ್ತಾ ಇದೀವಿ. ಎಷ್ಟು ಹೊತ್ತು ಇರತ್ತೆ, ಎಷ್ಟು ದೂರ ಹೋಗತ್ತೆ, ನೀವು ಎದ್ದು ಹೋದ್ಮೇಲೆ ಗಾಳಿಲಿ ಎಷ್ಟು ಉಳಿಯತ್ತೆ. ಕೊನೇದಕ್ಕೆ ಸಿಯಾಜ್ ಅಂತಾರೆ, ದೋಣಿ ಹೋದ್ಮೇಲೆ ನೀರಲ್ಲಿ ಗೆರೆ ಉಳಿಯತ್ತಲ್ಲ, ಫ್ರೆಂಚಲ್ಲಿ ಅದ್ರ ಹೆಸರು. ನಿನ್ನ ರೂಮ್‌ಮೇಟ್‌ದು ಕೊನೇದ್ರಲ್ಲಿ ಗೆದ್ದಿದೆ, ನಿಂದು ಮೊದಲನೇದ್ರಲ್ಲಿ ಗೆದ್ದಿರಬಹುದು. ಗೆದ್ದಿದೆಯಾ ಅಂತ ನಿನ್ನ ಮೂಗಿಂದ ಮಾತ್ರ ಗೊತ್ತಾಗಲ್ಲ, ಅದನ್ನ ಬೇರೆ ಯಾರಾದ್ರೂ ಹೇಳ್ಲಿ, ನನ್ನ ಕೈ ನೋವು.

ಹೊಸ_ಮೂಗು

ದೋಣಿ ಗೆರೆ ಸೂಪರ್ ಸರ್. ಆದ್ರೆ ಎರಡರ ಸ್ಮೆಲ್ ಬೇರೆ ಬೇರೆ ಯಾಕೆ? ಅದೇ ಎಣ್ಣೆ ಸ್ವಲ್ಪ ಜಾಸ್ತಿ ಹಾಕಿದ್ರೆ ಇಡಿಪಿ ಆಗ್ಬೇಕಲ್ವಾ, ಕಾಫಿಗೆ ಡಿಕಾಕ್ಷನ್ ಜಾಸ್ತಿ ಹಾಕಿದ ಹಾಗೆ?

ಲ್ಯಾಬ್_ಕೋಟು

ಎಲ್ರೂ ಹಾಗೇ ಅನ್ಕೊಳ್ಳೋದು. ಹಾಗೆ ಮಾಡೋರೂ ಇದಾರೆ, ಆದ್ರೆ ಬಹಳಷ್ಟು ಸಲ ಫಾರ್ಮುಲಾನೇ ಬೇರೆ. ಕಾರಣ ಒಂದು, ಪ್ರಮಾಣ ಏರಿಸಿದಾಗ ಎಲ್ಲ ಸಾಮಗ್ರಿನೂ ಒಂದೇ ರೀತಿ ಜೋರಾಗಲ್ಲ, ಯಾವುದೋ ಒಂದು ಮಿಕ್ಕಿದ್ದನ್ನೆಲ್ಲ ನುಂಗಿಹಾಕತ್ತೆ. ಕಾರಣ ಎರಡು, ಸುರಕ್ಷತೆ ಮಿತಿ. ಇಫ್ರಾ ಅಂತ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆ ಇದೆ, 1973ರದ್ದು, ಯಾವ ಸಾಮಗ್ರಿ ಎಷ್ಟು ಹಾಕ್ಬಹುದು ಅಂತ ಮಿತಿ ಇಡತ್ತೆ. ಓಕ್‌ಮಾಸ್ ಅಂತ ಒಂದು ಕಲ್ಲುಹೂವಿನ ಜಾತಿದು, ಹಳೇ ಪರ್ಫ್ಯೂಮ್‌ಗಳ ಜೀವಾಳ, ಅದು ರೆಡಿ ಆದ ಸೀಸೆಲಿ 0.1% ದಾಟೋ ಹಾಗಿಲ್ಲ. ಇಡಿಟಿಲೇ ಆ ಮಿತಿ ಮುಟ್ಟಿದ್ರೆ ಎಣ್ಣೆ ಡಬಲ್ ಮಾಡಿದಾಗ ಓಕ್‌ಮಾಸ್ ಡಬಲ್ ಮಾಡೋಕಾಗತ್ತಾ? ಆಗಲ್ಲ. ಅನುಪಾತ ತಪ್ಪತ್ತೆ, ಬೇರೆ ಏನೋ ಹಾಕಿ ಸರಿದೂಗಿಸ್ಬೇಕು, ಅಷ್ಟೊತ್ತಿಗೆ ಅದು ಬೇರೆ ಪರ್ಫ್ಯೂಮೇ ಆಗಿರತ್ತೆ. ಮೂರನೇದು ಮಾರ್ಕೆಟಿಂಗು. ಅದ್ರ ಬಗ್ಗೆ ಬಾಯಿ ಬಿಡಲ್ಲ.

ಸೀಸೆ_ಪೆಟ್ಟಿಗೆ

ಉದಾಹರಣೆ ನಾನು ಕೊಡ್ತೀನಿ. ಶನೆಲ್ ನಂ. 5 ಬಂದಿದ್ದು 1921ರಲ್ಲಿ, ಮಾಡಿದ್ದು ಅರ್ನೆಸ್ಟ್ ಬೋ. ಅದ್ರ ಇಡಿಪಿ ಬಂದಿದ್ದು ಯಾವಾಗ ಗೊತ್ತಾ, 1986ರಲ್ಲಿ, ಮಾಡಿದ್ದು ಜಾಕ್ ಪೋಲ್ಜ್. ಅರವತ್ತೈದು ವರ್ಷ ಆದ್ಮೇಲೆ ಬೇರೆ ಮನುಷ್ಯ ಕೂತು ಮಾಡಿರೋದು, ಬರೀ ಎಣ್ಣೆ ಅಳತೆ ಬದಲಾಯಿಸಿದ್ದಲ್ಲ. ಡಿಯೋರ್ ಸೋವಾಜ್ ತಗೊಳ್ಳಿ, 2015ರಲ್ಲಿ ಇಡಿಟಿ, 2018ರಲ್ಲಿ ಇಡಿಪಿ, 2019ರಲ್ಲಿ ಪಾರ್ಫಮ್, 2021ರಲ್ಲಿ ಎಲಿಕ್ಸಿರ್. ನಾಲ್ಕೂ ಹಾಕಿ ನೋಡಿದೀನಿ. ಪಾರ್ಫಮ್ ಅನ್ನೋದು ಇಡಿಟಿಗಿಂತ ಮೆತ್ತಗೆ, ಸಭ್ಯವಾಗಿ ಕೂರೋದು, ಬೀದಿ ತುಂಬ ಕೂಗೋದು ಇಡಿಟಿನೇ. ಎಲಿಕ್ಸಿರ್ ಅಂತೂ ಮಸಾಲೆ ಪೆಟ್ಟಿಗೆ ಮುಚ್ಚಳ ತೆಗೆದ ಹಾಗೆ, ಬೇರೆ ಲೋಕ. (ಎಲಿಕ್ಸಿರ್, ಇಂಟೆನ್ಸ್, ಆಬ್ಸೊಲ್ಯೂ ಈ ಪದಗಳಿಗೆಲ್ಲ ಗೊತ್ತಾದ ಪರ್ಸೆಂಟೇ ಇಲ್ಲ, ಕಂಪನಿಗೆ ತೋಚಿದ ಹೆಸರು.) ಹೆಸರು ಒಂದೇ ಅಂತ ಸ್ಮೆಲ್ ನೋಡದೆ ತರಬೇಡಿ.

ನಿಧಾನ_ನಿಂಗ

ಅಲ್ರೀ ತಮ್ಮಾರ, ನಿಮಗ ನಿಮ್ಮ ಮೂಗಿನ ಮ್ಯಾಲೆ ಇರೋ ನಂಬಿಕಿ ನೋಡಿ ನಗು ಬಂತು. ಹನ್ನೊಂದಕ್ಕ ಹೋಗಿದ್ದು ಸೆಂಟಲ್ಲ, ನಿಮ್ಮ ಮೂಗು. ಒಂದೇ ವಾಸ್ನಿ ಬಿಟ್ಟೂ ಬಿಡದ ಬಡಿತಿದ್ರ ಮೂಗು ಅದನ್ನ ಲೆಕ್ಕಕ್ಕ ತಗೊಳೋದು ಬಿಡ್ತದ. ನಮ್ಮ ಮನಿ ವಾಸ್ನಿ ನಮಗ ಗೊತ್ತಾಗ್ತದೇನ್ರಿ? ಊರಿಗೆ ಹೋಗಿ ಎಂಟು ದಿನ ಬಿಟ್ಟು ಬಂದು ಬಾಗಲಾ ತಗದಾಗ ಒಂದ್ ನಿಮಿಷ ಗೊತ್ತಾಗ್ತದ, ಮತ್ತ ಇಲ್ಲ. ಅದರಾಗ ನೀವು ಎದಿಗೆ, ಕುತ್ತಿಗಿಗೆ ಹೊಡ್ಕೊಂಡ್ರ ಮೂಗಿನ ಕೆಳಗs ಇರ್ತದ, ಇನ್ನೂ ಲಗೂನ ಸುಸ್ತಾಗ್ತದ. ನಾ ಅದಕ್ಕ ಕುತ್ತಿಗಿ ಹಿಂದ ಹೊಡಿತೀನಿ.

ಕೆಲವು ಮಸ್ಕ್ ಅಂತೂ ಕೆಲವರ ಮೂಗಿಗೆ ಹತ್ತೂದೇ ಇಲ್ಲ, ಹುಟ್ಟಿನಿಂದs. 2006ರಾಗ ಮಾಲಿಕ್ಯೂಲ್ 01 ಅಂತ ಒಂದು ಸೆಂಟು ಬಂತಲ್ರೀ, ಮಸ್ಕ್ ಅಲ್ಲ, ಐಸೋ ಇ ಸೂಪರ್ ಅನ್ನೋ ಒಂದೇ ಕಟಗಿ ವಾಸ್ನಿ ಸಾಮಾನು ಹಾಕಿ ಮಾಡಿದ್ದು, ಅದನ್ನ ಹಚ್ಕೊಂಡು ನಾ "ರೊಕ್ಕ ಹಾಳಾತು, ಬರೇ ನೀರ" ಅಂತ ಬೈಕೋತ ಕೂತಿದ್ದೆ, ಬಾಜೂ ಕೂತ ಮನಷ್ಯಾ "ಏನ್ ಹಚ್ಕೊಂಡೀರಿ, ಛಲೋ ಅದ" ಅಂದ.

ಘಾಟು_ಗಿರಾಕಿ

ಕಾಫಿ ಬೀಜ ಮೂಸಿದ್ರೆ ಮೂಗು ರಿಸೆಟ್ ಆಗತ್ತಲ್ಲ, ಕೌಂಟರಲ್ಲಿ ಇಟ್ಟಿರ್ತಾರೆ

ಲ್ಯಾಬ್_ಕೋಟು

ಪರೀಕ್ಷೆ ಮಾಡಿ ನೋಡಿದಾಗ ಬರೀ ಗಾಳಿಗಿಂತ ಕಾಫಿ ಬೀಜ ಏನೂ ಮೇಲು ಅಂತ ಸಿಕ್ಕಿಲ್ಲ. ಹೊರಗೆ ಹೋಗಿ ಎರಡು ನಿಮಿಷ ಉಸಿರಾಡು, ಇಲ್ಲಾ ನಿನ್ನದೇ ಮೊಣಕೈ ಮಡಿಕೆ ಮೂಸು, ಸಾಕು.

ಸೀನು_ಸರಸ್ವತಿ

ಎಲ್ರೂ ಹೊಡ್ಕೊಳ್ಳೋದ್ರ ಬಗ್ಗೇನೇ ಮಾತಾಡ್ತಿದೀರಾ, ಪಕ್ಕದಲ್ಲಿ ಕೂರೋ ನನ್ನಂಥವಳ ಬಗ್ಗೆ ಯಾರಾದ್ರೂ ಯೋಚನೆ ಮಾಡ್ತೀರಾ? ನಂಗೆ ಉಬ್ಬಸ ಇದೆ. ತನ್ನ ಮೂಗಿಗೆ ಬರ್ತಿಲ್ಲ ಅಂತ ಮಧ್ಯಾಹ್ನ ಇನ್ನೂ ನಾಲ್ಕು ಸಲ ಹೊಡ್ಕೊಂಡು ಮೀಟಿಂಗಿಗೆ ಬರೋ ಮಹಾನುಭಾವರು ಈಗ ನಿಂಗಣ್ಣ ಬರೆದಿದ್ದನ್ನ ದಯವಿಟ್ಟು ಎರಡು ಸಲ ಓದಿ.

ಇನ್ನೊಂದು, ಅಲರ್ಜಿ ಇರೋರು ಹಿಂದಿನ ಲಿಸ್ಟ್ ಪೂರ್ತಿ ಓದ್ಬೇಕು. ಲಿನಲೂಲ್, ಲಿಮೋನೀನ್, ಸಿಟ್ರೊನೆಲಾಲ್, ಕೂಮರಿನ್ ಅಂತೆಲ್ಲ ಕೊನೇಲಿ ಇರತ್ತಲ್ಲ, ಅವು ಅಲರ್ಜಿ ತರೋ ಸಾಧ್ಯತೆ ಇರೋವು ಅಂತ ಬರೆಯೋದು. ಯುರೋಪಿನ ನಿಯಮದಲ್ಲಿ ಮೈಮೇಲೆ ಉಳಿಯೋ ವಸ್ತುಗಳಲ್ಲಿ 0.001% ದಾಟಿದ್ರೆ ಹೆಸರು ಹಾಕಲೇಬೇಕು. ಪರ್ಸೆಂಟ್ ಜಾಸ್ತಿ ಇರೋ ಸೀಸೆ ಅಂದ್ರೆ ಅದೇ ಒಂದು ಸ್ಪ್ರೇಲಿ ಇವೂ ಜಾಸ್ತಿ ಬೀಳಬಹುದು, ಅದನ್ನ ಯಾರೂ ಹೇಳಲ್ಲ. ಬೆರ್ಗಮಾಟ್ (ನಿಂಬೆ ಜಾತಿಯ ಒಂದು ಹಣ್ಣು) ಎಣ್ಣೆ ಇರೋದನ್ನ ಹಚ್ಕೊಂಡು ಉರಿಬಿಸಿಲಲ್ಲಿ ನಿಂತ್ರೆ ಚರ್ಮದ ಮೇಲೆ ಕಂದು ಕಲೆ ಬರೋದೂ ಉಂಟು, ಅದರಲ್ಲಿರೋ ಬರ್ಗಾಪ್ಟೆನ್ ಅನ್ನೋ ವಸ್ತುವಿಂದ. ಈಗ ಅದನ್ನ ತೆಗೆದ ಎಣ್ಣೆನೇ ಹೆಚ್ಚಾಗಿ ಬಳಸ್ತಾರೆ, ಆದ್ರೂ ಬಿಸಿಲಿಗೆ ಹೋಗೋದಾದ್ರೆ ಬಟ್ಟೆ ಮೇಲೆ ಹೊಡೀರಿ.

ತಾರಸಿ_ಮಲ್ಲಿಗೆ

ಸರಸ್ವತಿಯಕ್ಕ ಹೇಳಿದ್ದು ಸರಿ. ಆದ್ರೆ ಬಿಳಿ ಬಟ್ಟೆ, ರೇಷ್ಮೆ ಮೇಲೆ ಬೇಡ ಮಾರಾಯ್ರೆ, ಬಣ್ಣ ಇರುವ ಎಕ್ಸ್‌ಟ್ರೇ ಕಲೆ ಬಿಟ್ಟರೆ ಹೋಗುವುದಿಲ್ಲ.

ಮೇಲೆ ಯಾರೋ ಇಡಿಟಿ ಎಲ್ಲ ನೀರು ಅಂದರಲ್ಲ, ಅವರಿಗೊಂದು ಲೆಕ್ಕ. ಒಂದು ಸ್ಪ್ರೇ ಅಂದ್ರೆ ಹತ್ತಿರ ಹತ್ತಿರ 0.1 ಎಂಎಲ್, ಪಂಪಿನ ಮೇಲೆ ಹೆಚ್ಚುಕಮ್ಮಿ. 10% ಇಡಿಟಿ ನಾಲ್ಕು ಸ್ಪ್ರೇ ಹೊಡೆದ್ರೆ ಮೈಗೆ ಬಿದ್ದ ಎಣ್ಣೆ 0.04 ಎಂಎಲ್. 20% ಇಡಿಪಿ ಎರಡು ಸ್ಪ್ರೇ ಹೊಡೆದ್ರೂ ಅಷ್ಟೇ 0.04. ಹಾಗಾದ್ರೆ ನೀರು ಯಾವುದು? @ಹೊಸ_ಮೂಗು, ನಿಮ್ಮ ರೂಮ್‌ಮೇಟ್ ಎಷ್ಟು ಸಲ ಒತ್ತುತ್ತಾರೆ ಅಂತ ಒಮ್ಮೆ ಎಣಿಸಿ ನೋಡಿ. ನನಗೊಂದು ಸಂಶಯ ಉಂಟು.

ಘಾಟು_ಗಿರಾಕಿ

ಸರಿ ಸರಿ ನೀರು ವಾಪಸ್ ತಗೊಂಡೆ. ಆದ್ರೆ ಕೊಲೋನ್ ಅಂತೂ ಗಂಡಸರ ಪರ್ಫ್ಯೂಮ್‌ಗೆ ಹೇಳೋದು ತಾನೇ, ಅದು ಸ್ಟ್ರೆಂತ್ ಹೇಗಾಗತ್ತೆ

ಸೀಸೆ_ಪೆಟ್ಟಿಗೆ

ಅಮೆರಿಕದವರು ಗಂಡಸರದ್ದಕ್ಕೆಲ್ಲ ಕೊಲೋನ್ ಅಂದು ಅಂದು ಹಾಗಾಗಿದೆ. ಮೂಲದಲ್ಲಿ ಅದು ಊರಿನ ಹೆಸರು, ಜರ್ಮನಿಯ ಕಲೋನ್. ಫರೀನಾ ಮನೆತನದವರ ಅಂಗಡಿ ಅಲ್ಲಿ 1709ರಲ್ಲಿ ಶುರುವಾಯ್ತು, ನಿಂಬೆ ಕಿತ್ತಳೆ ಘಮದ ತೆಳು ನೀರು ಮಾಡಿ ಹುಟ್ಟೂರಲ್ಲ, ಬಂದು ನೆಲೆಸಿದ ಊರಿನ ಹೆಸರಿಟ್ರು. ಗಂಡಸ್ರು ಹೆಂಗಸ್ರು ಇಬ್ರೂ ಬಳಸ್ತಿದ್ರು. ಸೀಸೆ ಮೇಲೆ ಓ ದ ಕೊಲೋನ್ ಅಂತ ಇದ್ರೆ ತೆಳು ಅಂತ ತಿಳ್ಕೊ, ಬರೀ ಬಾಯಿಮಾತಲ್ಲಿ ಕೊಲೋನ್ ಅಂದ್ರೆ ಏನು ಬೇಕಾದ್ರೂ ಆಗಿರಬಹುದು. ನಂಗೆ ಬೇಸಿಗೆಗೆ ಅದೇ ಇಷ್ಟ, ಒಂದು ಗಂಟೆಲಿ ಹೋಗತ್ತೆ, ಮತ್ತೆ ಸುರ್ಕೋತೀನಿ, ಅದ್ರ ಮಜಾನೇ ಅದು.

ಹೊಸ_ಮೂಗು

ಭಾನುವಾರ ಪ್ರಯೋಗ ಮಾಡಿದ್ವಿ!! ಲ್ಯಾಬ್ ಸರ್ ಖುಷಿಪಡಿ.

ಸ್ನಾನ ಮಾಡಿ ಎಡ ಮುಂಗೈಗೆ ನನ್ನ ಇಡಿಪಿ ಎರಡು ಸ್ಪ್ರೇ, ಬಲಕ್ಕೆ ಅವನ ಇಡಿಟಿ ಎರಡು ಸ್ಪ್ರೇ, ಉಜ್ಜಲಿಲ್ಲ. ಕೆಳಗಿನ ಮನೆ ಅಕ್ಕನಿಗೆ ಯಾವ ಕೈಗೆ ಯಾವುದು ಅಂತ ಹೇಳದೆ ಆಗಾಗ ಮೂಸಿ ಅಂತ ಕಾಟ ಕೊಟ್ಟೆ, ಪಾಪ. ಮೊದಲ ಅರ್ಧ ಗಂಟೆ ಬಲಗೈ ಜೋರು, ಬಾಗಿಲಲ್ಲಿ ನಿಂತೇ ಗೊತ್ತಾಗ್ತಿದೆ ಅಂದ್ರು. ಎರಡು ಗಂಟೆ ಹೊತ್ತಿಗೆ ಸಮ ಸಮ. ಮೂರು ಗಂಟೆ ಆದ್ಮೇಲೆ ನಂಗೆ ಎಡಗೈಲಿ ಏನೂ ಇಲ್ಲ, ಸೋತೆ ಅನ್ಕೊಂಡೆ, ಅಕ್ಕ "ಇಲ್ಲಪ್ಪ, ಚೆನ್ನಾಗಿದೆಯಲ್ಲ, ಸಿಹಿಯಾಗಿ ಬರ್ತಿದೆ" ಅಂದ್ರು. ಏಳನೇ ಗಂಟೆಲಿ ಬಲಗೈ ಪೂರ್ತಿ ಖಾಲಿ, ಎಡಗೈ ಹತ್ರ ಮೂಗಿಟ್ರೆ ಇನ್ನೂ ಇದೆ ಅಂತ. ನಿಂಗಣ್ಣ ಹೇಳಿದ ಹಾಗೆ ಮೂರು ಗಂಟೆಗೆ ಹೋಗಿದ್ದು ನನ್ನ ಮೂಗೇ. ಹನ್ನೆರಡು ಗಂಟೆ ಅಂದವರ ಮಾತು ಮಾತ್ರ ಸುಳ್ಳು, ಎಂಟೂವರೆಗೆ ಅದೂ ಮುಗೀತು.

ಆಮೇಲೆ ಸೋಮವಾರ ಬೆಳಗ್ಗೆ ಮಲ್ಲಿಗೆ ಅವರ ಸಂಶಯ ನೆನಪಾಗಿ ಕದ್ದು ನಿಂತು ಎಣಿಸಿದೆ. ಹನ್ನೊಂದು. ಹನ್ನೊಂದು ಸ್ಪ್ರೇ ರೀ! ಅದ್ರಲ್ಲಿ ಆರು ಶರ್ಟಿನ ಮೇಲೆ!

ತಾರಸಿ_ಮಲ್ಲಿಗೆ

ಹೇಳ್ಲಿಲ್ವಾ ನಾನು 😂 ಹನ್ನೊಂದು ಅಂದ್ರೆ ನೂರು ಎಂಎಲ್ ಸೀಸೆ ಮೂರು ತಿಂಗಳು ಬಂದ್ರೆ ಹೆಚ್ಚು.

ಲ್ಯಾಬ್_ಕೋಟು

ಚೆನ್ನಾಗಿ ಮಾಡಿದೀಯ. ಒಂದೇ ಚರ್ಮ, ಒಂದೇ ದಿನ, ಅಷ್ಟೇ ಸ್ಪ್ರೇ, ಬೇರೆಯವರ ಮೂಗು. ಇನ್ನೊಂದ್ಸಲ ಮಾಡೋದಾದ್ರೆ ಒಂದು ಕೈಗೆ ಮೊದಲು ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ, ಎರಡೂ ಕೈಗೆ ಇಡಿಪಿನೇ ಹೊಡಿ. ಒಣ ಚರ್ಮ ಆದ್ರೆ ವ್ಯತ್ಯಾಸ ಕಾಣತ್ತೆ. ಮತ್ತೆ ಸೀಸೆ ಎಲ್ಲಿಟ್ಟಿದೀಯ?

ಹೊಸ_ಮೂಗು

ಬಾತ್‌ರೂಮ್ ಕಿಟಕಿ ಮೇಲೆ... ಬಿಸಿಲು ಬೀಳತ್ತೆ, ನೋಡಕ್ಕೆ ಚೆನ್ನಾಗಿ ಹೊಳಿಯತ್ತೆ ಅಂತ

ಲ್ಯಾಬ್_ಕೋಟು

ಈಗಲೇ ಎದ್ದು ಹೋಗಿ ತೆಗಿ. ಬೆಳಕು, ಬಿಸಿ ಎರಡೂ ಸುಗಂಧನ ಕೆಡಿಸತ್ತೆ, ಮೊದಲು ಹಾಳಾಗೋದೇ ಆ ನಿಂಬೆ ಜಾತಿದು. ಕಪಾಟೊಳಗೆ ಡಬ್ಬ ಸಮೇತ ಇಡು.

ಸೀನು_ಸರಸ್ವತಿ

ಸೀಸೆ ಎಲ್ಲಾದ್ರೂ ಇಡಲಿ, ಆ ಹನ್ನೊಂದು ಸ್ಪ್ರೇ ಮನುಷ್ಯನಿಗೆ ಯಾರಾದ್ರೂ ಹೇಳಿದ್ರಾ ಇಲ್ವಾ?

ಹೊಸ_ಮೂಗು

ಹೇಳಿದೆ ಅಕ್ಕ. ಈ ಚರ್ಚೆನೇ ತೋರ್ಸಿದೆ, ಪೂರ್ತಿ ಓದ್ದ. "ನಂಗೆ ನನ್ನ ಸ್ಮೆಲ್ ಬರ್ತಾನೇ ಇರ್ಲಿಲ್ಲ ಕಣೋ, ಅದಕ್ಕೇ ಹೊಡೀತಿದ್ದೆ" ಅಂದ. ಇವತ್ತು ಬೆಳಗ್ಗೆ ಐದಕ್ಕೆ ಇಳಿದಿದಾನೆ. ಸೀಸೆ ಕಪಾಟಿಗೆ ಹೋಯ್ತು.